ನಾನು ಕೊಯ್ದ ಸೂಲಂಗಿ

ಜೋಳದ ಗಿಡವನ್ನು ನಾನು ಹತ್ತಿರದಿಂದ ನೋಡಿದ್ದು ಅರವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ನನಗೆ ಜೋಳವೆಂದರೆ ಮಳೆಗಾಲದಲ್ಲಿ ಸ್ಟೇಷನ್ನಿನ ಹೊರಗೆ ಕೆಂಡದ ಮೇಲೆ ಸುಟ್ಟು, ಲಿಂಬೆ ಉಪ್ಪು ತಿಕ್ಕಿ ಕೊಡುವ ಭುಟ್ಟಾ, ಅಷ್ಟೇ. ಅದು ಗಿಡದ ಯಾವ ಭಾಗದಲ್ಲಿ ಆಗುತ್ತದೆ, ತಲೆಯ ಮೇಲೋ ಕಂಕುಳಲ್ಲೋ, ಯಾರು ಕೇಳುತ್ತಾರೆ ಮಾರಾಯ್ರೆ? ನಾನು ಕುಂದಾಪುರದ ಕಡೆಯ, ಗದ್ದೆಯಂಚಿನ ಮನೆಯಲ್ಲಿ ಹುಟ್ಟಿದವಳು. ನಮಗೆ ಬೆಳೆ ಅಂದರೆ ಭತ್ತ. ಉದ್ದು, ಹುರುಳಿ, ಅವಡೆ ಎಲ್ಲ ಗದ್ದೆ ಖಾಲಿ ಬಿದ್ದಾಗ ಹಾಕುವಂಥವು, ಅವನ್ನು ಯಾರೂ ದೊಡ್ಡದು ಮಾಡುವುದಿಲ್ಲ.

ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷವಾಯಿತು. ನನ್ನ ಯಜಮಾನರು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಕೂತು ಸೊಂಟ ಹಿಡಿಸಿಕೊಂಡು ಈಗ ಮನೆಯಲ್ಲಿದ್ದಾರೆ. ಚೆಂಬೂರಿನ ಹಳೇ ಕಾಲೊನಿಯೊಂದರಲ್ಲಿ ನಮ್ಮದು ಗ್ರೌಂಡ್ ಫ್ಲೋರಿನ ಮನೆ. ಇಲಿ, ಜಿರಳೆ, ಮಳೆಗಾಲದಲ್ಲಿ ಗೋಡೆಗೆ ನೀರು, ಎಲ್ಲ ಕಾಟವೂ ಉಂಟು. ಆದರೆ ಅಡುಗೆ ಮನೆಯ ಹಿಂದೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಮಣ್ಣು ಉಂಟಲ್ಲ, ಅದಕ್ಕಾಗಿ ನಾನು ಎಲ್ಲ ಕಾಟವನ್ನೂ ಸಹಿಸಿಕೊಂಡೆ. ಅಲ್ಲಿ ಬಸಳೆ ಚಪ್ಪರ, ನಾಲ್ಕು ಕೆಸು, ಒಂದು ತುಳಸಿ. ಅದು ನನ್ನ ರಾಜ್ಯ. ಅಲ್ಲಿಗೆ ಯಾರಾದರೂ ಕಾಲಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ರಾಜ್ಯದೊಳಗೆ ಚಪ್ಪಲಿ ಬಿಟ್ಟು ಬಂದವಳು ಒಬ್ಬಳೇ, ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಗದಗದವಳು. ಅವಳು ಮುಸ್ಲಿಮರವಳು, ನಲವತ್ತೈದರ ಆಚೀಚೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಗಂಡನಿಗೆ ವಡಾಲದಲ್ಲಿ ಫ್ರಿಜ್ ರಿಪೇರಿಯ ಅಂಗಡಿ. ಅವಳ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಹಿಂದಿ. ಹಾಗಾಗಿ ಕನ್ನಡ ಮಾತಾಡಬೇಕು ಅನಿಸಿದಾಗೆಲ್ಲ ಅವಳು ಹೊಲಿಗೆ ಬಿಟ್ಟು ಕೆಳಗಿಳಿದು ನಮ್ಮ ಅಡುಗೆ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ನನ್ನ ಕನ್ನಡ ಕೇಳಿ ಅವಳು ನಗುವುದು, ಅವಳ ಕನ್ನಡ ಕೇಳಿ ನಾನು ನಗುವುದು. ನಡುವೆ ಎರಡು ಲೋಟ ಚಹಾ.

ಹೋದ ವರ್ಷದ ಹಿಂದಿನ ವರ್ಷ ಅವಳ ತಾಯಿ ತೀರಿಕೊಂಡರು. ನಲವತ್ತನೇ ದಿನಕ್ಕೆ ಊರಿಗೆ ಹೋಗಿ ಬಂದವಳ ಚೀಲದಲ್ಲಿ ಒಂದು ಒಣಗಿದ ಜೋಳದ ತೆನೆ ಇತ್ತು. ಅವಳ ತಾಯಿ ಹಿತ್ತಿಲಲ್ಲಿ ವರ್ಷ ವರ್ಷವೂ ಬೆಳೆಯುತ್ತಿದ್ದ ಜವಾರಿ ಗೋವಿನಜೋಳವಂತೆ. ಹೊಲದಲ್ಲಿ ಅಣ್ಣಂದಿರು ಕಂಪೆನಿಯ ಬೀಜ ಹಾಕುತ್ತಾರೆ. ಅದು ಮಾರಲಿಕ್ಕೆ. ಇದು ಮನೆಗೆ ತಿನ್ನಲಿಕ್ಕೆ. ಕಾಳು ಬೆಳ್ಳಗೆ, ತೆನೆ ಗಿಡ್ಡ. ತಾಯಿ ಹೋದ ಮೇಲೆ ಅಣ್ಣಂದಿರು ಹಿತ್ತಿಲಿಗೆ ಸಿಮೆಂಟ್ ಹಾಕಿ ಬೈಕ್ ನಿಲ್ಲಿಸುವ ಜಾಗ ಮಾಡಿದರು. ಜಂತಿಗೆ ಕಟ್ಟಿದ್ದ ಕೊನೆಯ ತೆನೆಯನ್ನು ಇವಳು ಕೇಳಿ ತಂದಿದ್ದಳು.

ಮೊದಲ ವರ್ಷ ಅವಳು ಅರ್ಧ ಕಾಳನ್ನು ಮೂರನೇ ಮಾಳಿಗೆಯ ಗ್ರಿಲ್ಲಿನಲ್ಲಿ ಕುಂಡ ಇಟ್ಟು ಬಿತ್ತಿದಳು. ಮೊಳಕೆ ಬಂದ ಮೂರೇ ದಿನಕ್ಕೆ ಪಾರಿವಾಳಗಳು ಬಂದು ಒಂದೊಂದನ್ನೂ ಎಳೆದು ಬಿಸಾಡಿದವು. ಮುಂಬಯಿಯ ಪಾರಿವಾಳದ ಬಗ್ಗೆ ನಾನು ಮಾತಾಡಲಿಕ್ಕೆ ಶುರು ಮಾಡಿದರೆ ನನ್ನ ಬಿಪಿ ಏರುತ್ತದೆ, ಬೇಡ.

ಎರಡನೇ ವರ್ಷದ ಮಳೆ ಹಿಡಿದ ವಾರ ಅವಳು ಒಂದು ಬಟ್ಟೆಯ ಗಂಟು ಹಿಡಿದು ಕೆಳಗಿಳಿದಳು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ಇಲ್ಲ ಅನಬ್ಯಾಡ್ರಿ. ನಿಮ್ಮ ಹಿತ್ತಲದಾಗ ಒಂದೀಟು ಜಾಗಾ ಕೊಡ್ರಿ."

ಗಂಟು ಬಿಚ್ಚಿ ತೋರಿಸಿದಳು. ಒಂದು ಹಿಡಿಯೂ ಇಲ್ಲ. ಕೆಲವಕ್ಕೆ ಹುಳ ತೂತು ಹಾಕಿತ್ತು. "ಎಲ್ಲ ಒಟ್ಟಿಗೆ ಬಿತ್ತಬೇಡ ಮಾರಾಯ್ತಿ, ನಾಲ್ಕು ಕಾಳು ಇಟ್ಟುಕೋ" ಅಂದೆ.

"ಇಟ್ಟರ ಏನು ಬಂತ್ರಿ? ಹುಳ ಹತ್ತೈತಿ, ಮುಂದಿನ ವರ್ಷಕ್ಕ ಹುಟ್ಟಂಗಿಲ್ಲ. ಈ ಮಳಿಗೆ ಆದ್ರ ಆತು, ಇಲ್ಲಂದ್ರ ಅಮ್ಮನ ಜೋಳ ಮುಗೀತು."

ಅವಳು ಅದನ್ನು ಅಳುತ್ತಾ ಹೇಳಲಿಲ್ಲ. ಬ್ಲೌಸಿನ ಅಳತೆ ಹೇಳುವ ಹಾಗೆ ಹೇಳಿದಳು. ನನ್ನ ಬಸಳೆ ಚಪ್ಪರದ ಅರ್ಧವನ್ನು ಕಿತ್ತು ಹಾಕಿದೆ. ಬಸಳೆ ಕೀಳುವುದೆಂದರೆ ನಮ್ಮವರಿಗೆ ಎಂಥ ಸಂಕಟ ಎಂದು ನಮ್ಮವರಿಗೇ ಗೊತ್ತು. ಯಜಮಾನರು ಎರಡು ದಿನ ಊಟದ ಹೊತ್ತಿಗೆ ಮುಖ ಊದಿಸಿಕೊಂಡಿದ್ದರು.

ನಾನು ಗೋಡೆಗುಂಟ ಚಂದಕ್ಕೆ ಒಂದು ಸಾಲು ಹಾಕುವಾ ಅಂದರೆ ಅವಳು ಒಪ್ಪಲಿಲ್ಲ. "ಸಾಲು ಹಚ್ಚಬಾರದ್ರಿ. ಎಲ್ಲಾ ಒತ್ತಟ್ಟಿಗೆ ಇರಬೇಕು, ಗಾಳಿ ಬಂದ್ರ ಒಂದಕ್ಕೊಂದು ತಾಗಬೇಕು" ಅಂದು ಚೌಕವಾಗಿ ಗುಣಿ ಮಾಡಿದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸಣ್ಣಂದಿನಿಂದ ಕಂಡದ್ದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಕೂಡ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಕೈ ಹೇಗೆ ಹಿಡಿಯಬೇಕು ಎಂದು ಯಾರಿಗೂ ಹೇಳಿಕೊಟ್ಟವಳಲ್ಲ.

ಹುಟ್ಟಿದ್ದರಲ್ಲಿ ಇಲಿ ಕಡಿದದ್ದು, ಮಳೆಗೆ ಕೊಳೆತದ್ದು ಹೋಗಿ ಹದಿನಾಲ್ಕು ಗಿಡ ಉಳಿದವು. ದಿನ ಬೆಳಿಗ್ಗೆ ಅವಳು ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಎಲೆ ಸವರಿ, ಹುಳ ಆರಿಸಿ, ಬುಡಕ್ಕೆ ಮಣ್ಣು ಏರಿಸಿ ಹೋಗುವಳು. ನೀರು ನನ್ನ ಜವಾಬ್ದಾರಿ. ಆಗಸ್ಟ್ ಮುಗಿಯುವ ಹೊತ್ತಿಗೆ ಗಿಡಗಳು ನನ್ನ ತಲೆ ದಾಟಿ ಅಡುಗೆ ಮನೆಯ ಕಿಟಕಿಗೆ ಬಂದವು. ಆಮೇಲೆ ತುದಿಯಿಂದ ಗರಿಗರಿಯಾದ ಒಂದು ತುರಾಯಿ ಹೊರಗೆ ಬಂತು. ಅದನ್ನು ಅವಳು ಸೂಲಂಗಿ ಅನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಗಿಡದ ಸೊಂಟದಲ್ಲಿ ಎಳೇ ತೆನೆ ಮೂಡಿ, ಅದರ ಬಾಯಿಯಿಂದ ತಿಳಿ ಹಸಿರು ಕೂದಲು ಇಳಿಯಲು ಶುರುವಾಯಿತು. ನಿಜ ಹೇಳುತ್ತೇನೆ, ನನಗೆ ಆ ಗಿಡಗಳ ಮೇಲೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು.

ಆ ಹೊತ್ತಿಗೇ ಅವಳ ಅಣ್ಣನ ಮಗಳ ಮದುವೆ ಬಂತು. ಎಂಟು ದಿನಕ್ಕೆ ಗದಗಕ್ಕೆ ಹೊರಟವಳು ಚೀಲ ಹಿಡಿದುಕೊಂಡೇ ಹಿಂದೆ ಬಂದು ಗಿಡಗಳ ಮುಂದೆ ನಿಂತಳು. "ಅಕ್ಕಾರ, ನೀರು ತಪ್ಪಿಸಬ್ಯಾಡ್ರಿ. ಯಾರೂ ಮುಟ್ಟದಂಗ ನೋಡ್ರಿ. ಈಗೇ ನೋಡ್ರಿ ಅದರ ಹೊತ್ತು."

"ನೀನು ಹೋಗು ಮಾರಾಯ್ತಿ. ಇಲ್ಲಿ ಕಾಗೆ ಹಾರದ ಹಾಗೆ ನೋಡಿಕೊಳ್ಳುತ್ತೇನೆ" ಅಂದೆ. ಹಾಗೇ ನೋಡಿಕೊಂಡೆ ಕೂಡ.

ಈಗ ನಮ್ಮ ಕದಿರು ಕಟ್ಟುವ ಹಬ್ಬದ ವಿಷಯ ಹೇಳಬೇಕು. ಭತ್ತ ತೆನೆಗಟ್ಟಿದಾಗ ನಮ್ಮ ಕಡೆ ಮೊದಲ ಕದಿರನ್ನು ಗದ್ದೆಯಿಂದ ಪೂಜೆ ಮಾಡಿ ತರುತ್ತಾರೆ. ಮಾವು, ಹಲಸಿನ ಎಲೆಯಲ್ಲಿ ಸುತ್ತಿ ಬಾಗಿಲಿಗೆ, ತುಳಸಿಗೆ, ಅಕ್ಕಿ ಅಳೆಯುವ ಕಲಸೆಗೆ, ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಕಟ್ಟುತ್ತಾರೆ. ಆ ದಿನ ಹೊಸ ಅಕ್ಕಿಯ ಊಟ. ಕಟ್ಟಿದ ಕದಿರನ್ನು ಮುಂದಿನ ವರ್ಷದ ಕದಿರು ಬರುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಮನೆಗೆ ಒಳ್ಳೆಯದಲ್ಲ. ಮುಂಬಯಿಯಲ್ಲಿ ಗದ್ದೆ ಎಲ್ಲಿ? ಮಾಟುಂಗಾದ ಮಾರ್ಕೆಟಿಗೆ ಹಳ್ಳಿಯವರು ಯಾರೋ ಕದಿರಿನ ಕಟ್ಟು ತರುತ್ತಾರೆ. ನಮ್ಮ ಬಿಲ್ಡಿಂಗಿನ ಕರಾವಳಿಯ ಏಳು ಮನೆಗೂ ವರ್ಷವೂ ಅದನ್ನು ತಂದು ಹಂಚುವವಳು ನಾನು. ವಾಟ್ಸಾಪ್ ಗ್ರೂಪಿನಲ್ಲಿ ಮೊದಲೇ ಬರೆದು ಹಾಕುತ್ತೇನೆ, "ಕದಿರಿನ ಚಿಂತೆ ಯಾರಿಗೂ ಬೇಡ" ಎಂದು. ನನಗೆ ಅದೊಂದು ದೊಡ್ಡಸ್ತಿಕೆ, ಸುಳ್ಳು ಯಾಕೆ ಹೇಳಬೇಕು.

ಆ ವರ್ಷ ಹಬ್ಬದ ಹಿಂದಿನ ದಿನ ಆಕಾಶ ಕಳಚಿ ಬಿದ್ದ ಹಾಗೆ ಮಳೆ. ಹಾರ್ಬರ್ ಲೈನಿನ ರೈಲು ಬಂದ್. ಮಧ್ಯಾಹ್ನ ಮಳೆ ಬಿಟ್ಟ ಮೇಲೆ ಟ್ಯಾಕ್ಸಿಯಲ್ಲಿ ಹೋಗುವಾ ಎಂದರೆ ನನ್ನ ಮಂಡಿ ಅಷ್ಟು ದೂರಕ್ಕೆ ಬಿಡಲಿಲ್ಲ. ಗ್ರೂಪಿನಲ್ಲಿ ಒಬ್ಬೊಬ್ಬರೂ ಕೇಳಲು ಶುರು ಮಾಡಿದರು, ಕದಿರು ಬಂತಾ, ಕದಿರು ಬಂತಾ. ಎದುರು ಮನೆಯ ಹೆಂಗಸು, ಅವಳೂ ಕುಂದಾಪುರದವಳೇ, "ಈ ಸಲ ಆಗದಿದ್ದರೆ ಹೇಳಿಬಿಡಿ, ನಾವೇ ಏನಾದರೂ ಮಾಡಿಕೊಳ್ಳುತ್ತೇವೆ" ಎಂದು ಬರೆದಳು. ನನಗೆ ಅಲ್ಲೇ ಉರಿಯಿತು.

ಅಡುಗೆ ಮನೆಯ ಕಿಟಕಿಯಿಂದ ಹೊರಗೆ ನೋಡಿದೆ. ಮಳೆಯಲ್ಲಿ ತೊಳೆದ ಹದಿನಾಲ್ಕು ಗಿಡ, ಹದಿನಾಲ್ಕು ಸೂಲಂಗಿ. ಅದೇ ಬಣ್ಣ, ಅದೇ ಬಾಗು, ಅದೇ ಸಣ್ಣ ಸಣ್ಣ ಹೊಟ್ಟಿನ ಸಾಲು. ಭತ್ತದ ಕದಿರಿಗೆ ಅಣ್ಣ ಅನ್ನಬಹುದು. ನನ್ನ ತಲೆ ಹೇಗೆ ಓಡಿತು ನೋಡಿ: ಭತ್ತದಲ್ಲಿ ಕಾಳು ತಲೆಯಲ್ಲಿ ಆಗುತ್ತದೆ, ಆದ್ದರಿಂದ ತಲೆ ಮುಖ್ಯ. ಇದರಲ್ಲಿ ಕಾಳು ಸೊಂಟದಲ್ಲಿ ಆಗುತ್ತದೆ, ತೆನೆ ಆಗಲೇ ಬಂದೂ ಆಗಿದೆ. ಹಾಗಾದರೆ ತಲೆಯ ಮೇಲಿನದು ಬರೀ ಶೃಂಗಾರ. ಹೇಗೂ ನಾಲ್ಕು ದಿನಕ್ಕೆ ಒಣಗಿ ಉದುರುವಂಥದ್ದು. ದೇವರಿಗಾದರೂ ಆಗಲಿ.

ಯಜಮಾನರು ಕತ್ತರಿ ಕೈಯಲ್ಲಿ ಕಂಡು, "ಅವಳಿಗೆ ಒಂದು ಫೋನ್ ಮಾಡಿ ಕೇಳು" ಅಂದರು.

"ಮದುವೆ ಮನೆಯಲ್ಲಿ ಇರುವವಳಿಗೆ ಇಷ್ಟು ಸಣ್ಣ ವಿಷಯಕ್ಕೆ ಫೋನಾ? ನಿಮಗೆ ಬುದ್ಧಿ ಉಂಟಾ?" ಅಂದೆ.

ಮಂಡಿ ನೋವನ್ನೂ ಮರೆತು ಸ್ಟೂಲ್ ಹತ್ತಿ ಹದಿನಾಲ್ಕನ್ನೂ ಕೊಯ್ದೆ. ಮಾರ್ಕೆಟಿನ ಕದಿರು ತಂದಾಗ ಬಾಡದ ಹಾಗೆ ರಾತ್ರಿ ತುಳಸಿಯ ಮುಂದೆ ತಾಮ್ರದ ಚೆಂಬಿನ ನೀರಲ್ಲಿ ನಿಲ್ಲಿಸಿಡುವುದು ನನ್ನ ರೂಢಿ. ಹಾಗೇ ಇಟ್ಟೆ. ಬೆಳಿಗ್ಗೆ ಎದ್ದು ಮಿಂದು, ಪೂಜೆ ಮಾಡಿ, ಎಲೆ ಸುತ್ತಿ, ಮನೆಗೆ ಎರಡೆರಡು ಹಂಚಿದೆ. ಎಲ್ಲರೂ ಮೆಚ್ಚಿದರು. "ಈ ಸಲದ ಕದಿರು ಎಷ್ಟು ದೊಡ್ಡದು!" ಎಂದಳು ಎದುರು ಮನೆಯವಳು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಒಂಬತ್ತು ಗಂಟೆಯ ಹೊತ್ತು. ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು. ಗದಗದವಳು ರೈಲಿಳಿದು ನೇರ ಹಿತ್ತಿಲಿಗೆ ಬಂದಿದ್ದಳು. ಮೂರನೇ ಮಾಳಿಗೆಗೂ ಹೋಗಿರಲಿಲ್ಲ, ಚೀಲ ಭುಜದಲ್ಲೇ ಇತ್ತು. ಕಿಟಕಿಯಿಂದ ಅವಳನ್ನು ಕಂಡು, "ಬಾ ಬಾ, ಇವತ್ತು ನಮ್ಮ ಹಬ್ಬ, ಪಾಯಸ ತಿಂದೇ ಹೋಗಬೇಕು" ಎಂದು ಕರೆದೆ. ಅವಳು ಗಿಡಗಳನ್ನು ಒಂದೊಂದಾಗಿ ಕತ್ತೆತ್ತಿ ನೋಡುತ್ತಿದ್ದಳು.

"ಅಕ್ಕಾರ, ಸೂಲಂಗಿ ಎಲ್ಲಿ ಹೋದ್ವು?"

"ಅಕೋ ನೋಡು, ಬಾಗಿಲ ಮೇಲೆ. ತುಳಸಿಯಲ್ಲೊಂದು. ಈ ಸಲ ಏಳು ಮನೆಗೂ ನಿನ್ನದೇ ಕದಿರು!" ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ನಗುತ್ತಿದ್ದೆ.

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿ ಕೂತಳು. ಚೀಲ ಕೆಳಗೆ ಜಾರಿತು. "ಯಾ ಅಲ್ಲಾ" ಎಂದಳು, ಬಹಳ ಮೆಲ್ಲಗೆ. ಆಮೇಲೆ, "ಅವು ಗಂಡ್ರಿ ಅಕ್ಕಾರ. ಕೆಳಗಿರೋದು ಹೆಣ್ಣು. ಮ್ಯಾಲಿನ ಹುಡಿ ಈ ಕೂದಲಿಗೆ ಬೀಳಬೇಕು. ಒಂದೊಂದು ಕೂದಲಿಗೆ ಒಂದೊಂದು ಕಾಳು. ಹುಡಿ ಬೀಳಲಿಲ್ಲಂದ್ರ ಒಳಗ ಬರೀ ಬೆಂಡು."

ನನಗೆ ತಿಳಿಯಿತು. ತಿಳಿದ ಕೂಡಲೇ ನಾನು ಮಾಡಿದ್ದು ಏನು ಗೊತ್ತುಂಟಾ? ಸಿಟ್ಟು. "ಹಾಗಿದ್ದರೆ ಹೋಗುವಾಗ ಬಾಯಿ ಬಿಟ್ಟು ಹೇಳಬೇಕಿತ್ತು! ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಊರಲ್ಲಿ ಜೋಳ ಉಂಟಾ?" ಎಂದು ಅವಳ ಮೇಲೆಯೇ ರೇಗಿದೆ.

"ಯಾರೂ ಮುಟ್ಟದಂಗ ನೋಡ್ರಿ ಅಂದಿದ್ನಲ್ರಿ," ಅಂದಳು ಅವಳು.

ಅಷ್ಟೇ. ದನಿ ಏರಿಸಲಿಲ್ಲ. ಹದಿನಾಲ್ಕು ಗಿಡ ಬೋಳು ತಲೆಯಲ್ಲಿ ನಿಂತಿದ್ದವು. ಹೊರಗೆ ಬಂದಿದ್ದ ಕೂದಲು ಹಾಗೇ ಹಸಿಯಾಗಿ ಇಳಿಬಿದ್ದಿತ್ತು. ಒಬ್ಬ ತಾಯಿ ಇಡೀ ಆಯುಷ್ಯ ಕಾಪಾಡಿದ್ದನ್ನು ನಾನು ವಾಟ್ಸಾಪಿನ ಮರ್ಯಾದೆಗೆ ಕತ್ತರಿಸಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವಳೇ ಎದ್ದು ತುಳಸಿಯ ಹತ್ತಿರ ಹೋದಳು. ಅಲ್ಲಿ ಕಟ್ಟಿದ್ದ ಸೂಲಂಗಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಯಾವಾಗ ಕೊಯ್ದ್ರಿ?"

"ನಿನ್ನೆ ಸಂಜೆ."

"ನೀರಾಗ ಇಟ್ಟಿದ್ರೇನು?"

"ಹೌದು. ರಾತ್ರಿಯೆಲ್ಲ ಚೆಂಬಿನಲ್ಲಿತ್ತು."

"ಇವತ್ತಿನ ಹೂ ಇನ್ನೂ ಒಡದಿಲ್ರಿ. ಥಂಡಿ ಆರಿ, ಬಿಸಿಲು ಏರೋ ಹೊತ್ತಿಗೆ ಒಡೀತಾವು. ಆಗ ಉದುರಿದ ಹುಡಿ ಮಧ್ಯಾಹ್ನದ ತನಕ ಜೀವ ಹಿಡೀತೈತಿ." ಕೈ ಚಾಚಿದವಳು ಅರ್ಧದಲ್ಲೇ ಹಿಂದಕ್ಕೆ ತೆಗೆದುಕೊಂಡಳು. "ಆದ್ರ ನಾ ಬಿಚ್ಚಂಗಿಲ್ರಿ. ನಿಮ್ಮ ದೇವರಿಗೆ ಕಟ್ಟಿದ್ದು."

ಆ ಮಾತು ನನ್ನ ಎದೆಗೆ ನಾಟಿತು. ಅವಳ ತಾಯಿಯ ಜೋಳ, ಅವಳ ಬೆವರು, ಆದರೂ ನಮ್ಮ ದೇವರಿಗೆ ಮರ್ಯಾದೆ ಕೊಟ್ಟು ಕೈ ಹಿಂದಕ್ಕೆ ತೆಗೆಯುತ್ತಾಳೆ. ನಾನು ತುಳಸಿಗೆ ಕೈ ಮುಗಿದು, "ತಪ್ಪಾಯ್ತಮ್ಮ" ಎಂದು ಗಂಟು ಬಿಚ್ಚಿದೆ. ನಲವತ್ತು ವರ್ಷದಲ್ಲಿ ಕಟ್ಟಿದ ಕದಿರು ಬಿಚ್ಚಿದ್ದು ಅದೇ ಮೊದಲು. ಯಜಮಾನರು ಸ್ಟೂಲ್ ಹಾಕಿ ಬಾಗಿಲಿನದನ್ನು ಬಿಚ್ಚಿಕೊಟ್ಟರು. ಪಾಯಸ ತಳ ಹಿಡಿದ ವಾಸನೆ ಬಂತು. ಯಾರೂ ಒಲೆಯ ಹತ್ತಿರ ಹೋಗಲಿಲ್ಲ.

ಉಳಿದದ್ದು ಆರು ಮನೆ. ಮೊದಲು ಎದುರು ಮನೆ. ಬೆಲ್ ಒತ್ತಿ ವಿಷಯ ಹೇಳಿದೆ. ಅವಳು ಸೊಂಟಕ್ಕೆ ಕೈ ಕೊಟ್ಟಳು.

"ಹೋದ ವರ್ಷ ಪೇಂಟಿಂಗ್ ಮಾಡಿಸುವಾಗ ನಾನು ಬಾಗಿಲ ಕದಿರು ಬಿಚ್ಚಿದ್ದಕ್ಕೆ ಇಡೀ ಬಿಲ್ಡಿಂಗಿಗೆ ಸಾರಿದ್ದು ಯಾರು? ಇವಳಿಗೆ ರೀತಿ ರಿವಾಜು ಇಲ್ಲ ಅಂದದ್ದು ಯಾರು?"

"ನಾನೇ," ಅಂದೆ.

"ಈಗ ನೀವೇ ಬಂದು ಬಿಚ್ಚು ಅಂತೀರಿ."

"ಹೌದು. ಬಿಚ್ಚಿಕೊಡು ಮಾರಾಯ್ತಿ. ಕಾಲಿಗೆ ಬೀಳಬೇಕಾದರೆ ಬೀಳುತ್ತೇನೆ, ಮಂಡಿ ಬಗ್ಗುವುದಿಲ್ಲ, ಆದರೂ ಬೀಳುತ್ತೇನೆ."

ಅವಳು ನನ್ನ ಮುಖ ನೋಡಿದಳು. ನನ್ನ ಹಿಂದೆ ಮೆಟ್ಟಿಲ ಹತ್ತಿರ ನಿಂತಿದ್ದ ಗದಗದವಳನ್ನು ನೋಡಿದಳು. ಇನ್ನೂ ನಾಲ್ಕು ಮಾತು ಆಡುವ ಆಸೆ ಅವಳಿಗೆ ಇತ್ತು, ನನಗೆ ಗೊತ್ತಾಗುತ್ತಿತ್ತು. ಆಡಲಿಲ್ಲ. ಕುರ್ಚಿ ತಂದು ತಾನೇ ಹತ್ತಿ ಬಿಚ್ಚಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, "ನಡೆಯಿರಿ, ನಿಮ್ಮ ಮಂಡಿಗೆ ಮೇಲಿನ ಮಾಳಿಗೆ ಹತ್ತಲಿಕ್ಕೆ ಆಗುವುದಿಲ್ಲ, ನಾನು ಹೋಗುತ್ತೇನೆ" ಎಂದು ಹೊರಟಳು. ಆದರೆ ನಾನು ಬಿಡಲಿಲ್ಲ. ಒಂದೊಂದು ಮೆಟ್ಟಿಲಿಗೂ ಕಂಬಿ ಹಿಡಿದು ಹತ್ತಿದೆ. ನಾನು ಕೊಟ್ಟದ್ದು, ನಾನೇ ಬೇಡಬೇಕು.

ನಾಲ್ಕು ಮನೆಯವರು ಗೊಣಗುತ್ತಲೋ ನಗುತ್ತಲೋ ಕೊಟ್ಟರು. ಕೊನೆಯದು ಎರಡನೇ ಮಾಳಿಗೆಯ ಮನೆ. ಅಲ್ಲಿ ಸೊಸೆಗೆ ಏಳು ತಿಂಗಳು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ನೀವು ಏನು ಬೇಕಾದರೂ ಹೇಳಿ. ಬಸುರಿ ಇರುವ ಮನೆಯಲ್ಲಿ ಕಟ್ಟಿದ ಕದಿರು ನಾನು ಬಿಚ್ಚುವುದಿಲ್ಲ." ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಗದಗದವಳು, "ಬ್ಯಾಡ ಅಕ್ಕಾರ, ನಕ್ಕೋ, ಆ ಕೂಸಿನಕಿಂತ ಜೋಳ ದೊಡ್ಡದೇನ್ರಿ, ಬರ್ರಿ" ಎಂದು ನನ್ನ ಸೆರಗು ಎಳೆದಳು.

ಒಳಗಿನಿಂದ ಸೊಸೆ ಹೊಟ್ಟೆ ಹಿಡಿದುಕೊಂಡು ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ತಡವರಿಸುತ್ತಾ ಆಡುತ್ತಾಳೆ. "ಆಂಟಿ, ಬಿಚ್ಚೋದು ಯಾಕೆ? ಕೆಳಗೆ ಪೇಪರ್ ಹಿಡಿದು... ವೋ... ಝಾಡ್ ಮಾಡಿದ್ರೆ? ಪೌಡರ್ ಬೀಳುತ್ತಲ್ಲ?"

ಅಷ್ಟು ದೊಡ್ಡವರಿದ್ದೂ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಬಾಗಿಲಿಗೆ ಆಗಲೇ ಬಿಸಿಲು ಬಿದ್ದಿತ್ತು. ಅವಳೇ ನ್ಯೂಸ್‌ಪೇಪರ್ ಹಿಡಿದಳು, ಅತ್ತೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಪೇಪರಿನ ಮೇಲೆ ಹಳದಿ ಹುಡಿ ಉದುರಿತು, ಹಿಟ್ಟಿಗೆ ಅರಸಿನ ಬೆರೆಸಿದ ಹಾಗೆ. ಗದಗದವಳು ಉಸಿರು ಬಿಗಿಹಿಡಿದು ಆ ಪೇಪರನ್ನು ಮಡಚಿದಳು.

ಹನ್ನೊಂದು ಗಂಟೆಗೆ ಹಿತ್ತಿಲಲ್ಲಿ ಎಂಟು ಜನ ಸೇರಿದ್ದರು. ನನ್ನ ರಾಜ್ಯದ ಕೆಸುವಿನ ಮೇಲೆ ಯಾರ್ಯಾರೋ ಕಾಲಿಟ್ಟಿದ್ದರು, ನಾನು ಏನೂ ಅನ್ನಲಿಲ್ಲ. ಗದಗದವಳು "ಬಿಸ್ಮಿಲ್ಲಾ" ಎಂದು ಒಂದೊಂದು ಸೂಲಂಗಿಯನ್ನು ಒಂದೊಂದು ತೆನೆಯ ಕೂದಲ ಮೇಲೆ ಹಿಡಿದು ಅಲುಗಾಡಿಸಿದಳು. ಪೇಪರಿನ ಹುಡಿಯನ್ನು ಬೆರಳ ತುದಿಯಲ್ಲಿ ತೆಗೆದು ಸವರಿದಳು. ಕೆಲವು ಸೂಲಂಗಿ ಬರೀ ಒಣ ಹೊಟ್ಟು, ಏನೂ ಬೀಳಲಿಲ್ಲ. ಕೆಲವು ಗಿಡದಲ್ಲಿ ಕೂದಲೇ ಇನ್ನೂ ಹೊರಗೆ ಬಂದಿರಲಿಲ್ಲ. "ಇವು ಹೋದ್ವು" ಎಂದು ಅವಳು ಆ ಗಿಡಗಳನ್ನು ಸವರಿ ಮುಂದೆ ಹೋದಳು. ಬಿಚ್ಚಿದ ಸೂಲಂಗಿಗಳನ್ನು ಪುನಃ ನೀರಲ್ಲಿಟ್ಟು ಮರುದಿನ ಬೆಳಿಗ್ಗೆಯೂ ಅಲುಗಾಡಿಸಿದೆವು. ಮೂರನೇ ದಿನ ಅವನ್ನೇ ಎಲೆ ಸುತ್ತಿ ಪುನಃ ಮನೆಮನೆಗೆ ಕಟ್ಟಿಬಂದೆ. ಯಾವ ಶಾಸ್ತ್ರದಲ್ಲಿ ಹಾಗೆ ಉಂಟೋ ಇಲ್ಲವೋ, ದೇವರಿಗೆ ಬಿಟ್ಟದ್ದು.

ಆ ದಿನ ಎಲ್ಲರೂ ಹೋದ ಮೇಲೆ ನಾನು ಅವಳ ಕೈ ಹಿಡಿದು, "ತಪ್ಪಾಯ್ತು ಮಾರಾಯ್ತಿ" ಅಂದೆ. ಅವಳು "ಇರ್ಲಿ ಬಿಡ್ರಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ತಿಂದು ನನಗೆ ಅಭ್ಯಾಸ ಉಂಟು, ಕೊಟ್ಟು ಇನ್ನೂ ಹೆಚ್ಚು ಅಭ್ಯಾಸ. ಈ "ಇರ್ಲಿ ಬಿಡ್ರಿ"ಯನ್ನು ಹಿಡಿದುಕೊಂಡು ನಾನು ಎಲ್ಲಿಗೆ ಹೋಗಲಿ?

ಆಮೇಲಿನ ಆರು ವಾರ ಅವಳು ದಿನವೂ ಬಂದಳು. ಗಿಡ ನೋಡಿದಳು, ನನ್ನ ಮಂಡಿ ಹೇಗಿದೆ ಎಂದು ಕೇಳಿದಳು, ನನ್ನ ಎರಡು ಬ್ಲೌಸ್ ಹೊಲಿದುಕೊಟ್ಟಳು. ಆದರೆ ಮೆಟ್ಟಿಲ ಮೇಲೆ ಕೂರಲಿಲ್ಲ. ಚಹಾ ಕೊಟ್ಟರೆ, "ಹೊಲಿಗಿ ಬಾಳ ಐತ್ರಿ" ಎಂದು ನಿಂತೇ ಹೋಗುವಳು. ನಾನು ಎರಡು ಲೋಟ ಚಹಾ ಮಾಡುವುದು, ಒಂದನ್ನು ಯಜಮಾನರಿಗೆ ಕೊಡುವುದು. ಅವರು ಕುಡಿಯುತ್ತಾ, "ನನಗೆ ಇದು ಮೂರನೆಯದ್ದು" ಎಂದು ಲೆಕ್ಕ ಹೇಳುವುದು. ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ. ತೆನೆಯನ್ನು ಬೆರಳಿನಲ್ಲಿ ಒತ್ತಿ ನೋಡುವ ಆಸೆಯಾಗುತ್ತಿತ್ತು, ಒಳಗೆ ಕಾಳು ಉಂಟೋ ಇಲ್ಲವೋ. ಮುಟ್ಟಲಿಲ್ಲ. ಒಮ್ಮೆ ಮುಟ್ಟಿದ್ದು ಸಾಕಾಗಿತ್ತು.

ಅಕ್ಟೋಬರಿನ ಬಿಸಿಲಿಗೆ ಸಿಪ್ಪೆ ಒಣಗಿ ಕಾಗದದ ಹಾಗೆ ಆದಾಗ ಅವಳು ಹದಿನಾಲ್ಕು ತೆನೆಯನ್ನೂ ಮುರಿದು ಹಳೇ ಸೀರೆಯ ಮೇಲೆ ಹಾಕಿದಳು. ಮೊದಲನೆಯದನ್ನು ಸುಲಿದಳು. ಬೆಂಡು. ಎರಡನೆಯದು, ಬೆಂಡು. ಮೂರು, ನಾಲ್ಕು, ಐದು. ನಾನು ಅಡುಗೆ ಮನೆಯೊಳಗೆ ಹೋಗಿ ಸುಮ್ಮನೆ ನಳ ಬಿಟ್ಟು ನಿಂತೆ. ನೋಡಲು ನನ್ನಿಂದ ಆಗಲಿಲ್ಲ. "ಅಕ್ಕಾರ" ಎಂದು ಅವಳು ಕರೆದಳು. ಆರನೆಯದರಲ್ಲಿ ಒಂದು ಬದಿಯಲ್ಲಿ ಏಳೆಂಟು ಕಾಳು, ಮುದುಕಿಯ ಬಾಯಿಯ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು. ಎಲ್ಲ ಸುಲಿದು ಮುಗಿದಾಗ ಐದು ತೆನೆಯಲ್ಲಿ ಕಾಳು ಇತ್ತು. ಒಂದರಲ್ಲಿ ಮಾತ್ರ ಸ್ವಲ್ಪ ತುಂಬಿಕೊಂಡಿತ್ತು. ಎಲ್ಲ ಸೇರಿ ಒಂದು ಮುಷ್ಟಿ. ಬಿತ್ತಿದ್ದಕ್ಕಿಂತ ಜಾಸ್ತಿ, ಆಗಬೇಕಾಗಿದ್ದುದರ ಹತ್ತಿರಕ್ಕೂ ಇಲ್ಲ. ಬೆಳ್ಳಗೆ, ಗಟ್ಟಿಗೆ, ಹೊಳೆಯುತ್ತಿದ್ದವು. ಅವಳು ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಹೋದಳು. ಬೆಂಡುಗಳನ್ನು ನಾನೇ ಗುಡಿಸಿ ತೆಗೆದೆ.

ನಾಲ್ಕು ದಿನ ಅವಳು ಕೆಳಗೆ ಬರಲಿಲ್ಲ. ಇನ್ನು ಬರಲಿಕ್ಕಿಲ್ಲ, ಬರಲಿಕ್ಕೆ ಗಿಡವಾದರೂ ಎಲ್ಲಿ ಉಂಟು ಎಂದುಕೊಂಡೆ.

ಐದನೇ ದಿನ ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ. ಅವಳು ಸ್ಟೀಲ್ ಬಟ್ಟಲು ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ಕೂತಳು ಎಂದು ನೋಡಿ ನನ್ನ ಕೈಯ ಸೌಟು ಜಾರಿತು.

"ಫ್ಯಾನಿನ ಕೆಳಗ ಒಣಗ್ಸೀನ್ರಿ. ಇವತ್ತು ಕಟ್ಟಿ ಇಡಬೇಕು. ನಮ್ಮಮ್ಮ ಬೀಜ ಕಟ್ಟೋ ಮುಂಚೆ ಒಂದು ಕಾಳು ಕಡಿಸಿ ನೋಡ್ತಿದ್ಲು. ಟಕ್ ಅಂದ್ರ ಒಣಗೇತಿ. ಮೆತ್ತಗಿದ್ರ ಬೂಷ್ಟು ಹಿಡೀತೈತಿ." ಬಟ್ಟಲಿನಲ್ಲಿ ಬೆರಳಾಡಿಸಿ ಒಂದು ಕಾಳು ಆರಿಸಿದಳು. ಸಣ್ಣದನ್ನು ತೆಗೆಯಲಿಲ್ಲ, ಎಲ್ಲಕ್ಕಿಂತ ದೊಡ್ಡದನ್ನು ತೆಗೆದಳು. "ತಾನು ಕಡೀತಿರಲಿಲ್ಲ. ನೀರು ಹಾಕಿದವರ ಕೈಲೆ ಕಡಿಸ್ತಿದ್ಲು. ಬಾಯಿ ತೆರೀರಿ ಅಕ್ಕಾರ."

"ಬೇಡ, ಬೇಡ ಮಾರಾಯ್ತಿ!" ನಾನು ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡೆ. "ಒಂದು ಕಾಳು ಅಂದರೆ ಒಂದು ಗಿಡ. ನಾನು ಹಾಳು ಮಾಡಿದ್ದು ಸಾಲದಾ? ನೀನೇ ಕಡಿ. ಇಲ್ಲದಿದ್ದರೆ ಕಡಿಯುವುದೇ ಬೇಡ."

"ನಿಮ್ಮ ನೀರ್ರಿ. ನೀವು ಕಡೀಬೇಕು."

"ಕೊಯ್ದದ್ದೂ ನಾನೇ."

"ಮನಿ ಮನಿ ತಿರುಗಿ ತಂದವ್ರೂ ನೀವೇ," ಅಂದಳು. ನನ್ನ ಕೈಯನ್ನು ಬಾಯಿಯಿಂದ ಸರಿಸಿ ಕಾಳನ್ನು ತುಟಿಯ ಮೇಲೆ ಇಟ್ಟಳು.

ನನಗೆ ಎಡಬದಿಯಲ್ಲಿ ದವಡೆ ಹಲ್ಲಿಲ್ಲ. ನಾಲಿಗೆಯಿಂದ ಕಾಳನ್ನು ಬಲಕ್ಕೆ ತಳ್ಳಿದೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಅವಳು ಸದ್ದು ಕೇಳಲಿಕ್ಕೆ ತನ್ನ ಕಿವಿಯನ್ನು ನನ್ನ ಕೆನ್ನೆಯ ಹತ್ತಿರ ತಂದು ಹಿಡಿದಳು. ನಾನು ಕಡಿದೆ.

"ಟಕ್ ಅಂತು," ಅಂದಳು.